ಓಡ್ತಿದ್ದೀಯೋ, ಎಳೀತಿದ್ದೀಯೋ?

ನಮಸ್ಕಾರ. ಗೆಳೆಯರ ಬಳಗಕ್ಕೆ ತೋರಿಸಲೆಂದು ‘ವಿಪ್‌ಲ್ಯಾಶ್’ (2014) ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯಲು ಕೂತಿದ್ದೇನೆ. ಮೂರು ದಿನದಿಂದ ಒಂದೇ ದೃಶ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ತಾಳ, ಲಯ ಬಲ್ಲವರು ಕೈಹಿಡಿಯಬೇಕು.

ನೋಡಿದವರಿಗೆ ಆ ದೃಶ್ಯ ಮರೆತಿರಲಾರದು. ನ್ಯೂಯಾರ್ಕಿನ ಸಂಗೀತ ಶಾಲೆ, ಡ್ರಮ್ಸ್ ಮುಂದೆ ಬೆವರುತ್ತಿರುವ ಹುಡುಗ ಆಂಡ್ರ್ಯೂ. ಮೇಷ್ಟ್ರು ಫ್ಲೆಚರ್ ಮುಷ್ಟಿ ಎತ್ತಿ ಬ್ಯಾಂಡ್ ನಿಲ್ಲಿಸುತ್ತಾನೆ. ಇದು ನನ್ನ ಟೆಂಪೊ (ನುಡಿಸುವ ವೇಗ) ಅಲ್ಲ ಅನ್ನುತ್ತಾನೆ, ಅದೂ ಮೊದಮೊದಲು ಅಕ್ಕರೆಯಿಂದ. ಮತ್ತೆ ನುಡಿಸು, ಮತ್ತೆ ನಿಲ್ಲಿಸು. ಆಮೇಲೆ ಕುರ್ಚಿ ಹಾರಿಬರುತ್ತದೆ. ಎಣಿಸು ಎಂದು ಹೇಳಿ, ಎಣಿಕೆಗೆ ಸರಿಯಾಗಿ ಕೆನ್ನೆಗೆ ಬಾರಿಸುತ್ತಾ ಕೇಳುತ್ತಾನೆ: ಈಗ ‘ರಶ್’ ಮಾಡಿದೆನೋ, ‘ಡ್ರ್ಯಾಗ್’ ಮಾಡಿದೆನೋ? ರಶ್ ಎಂದರೆ ತಾಳಕ್ಕಿಂತ ಮುಂದೆ ಓಡುವುದು, ಡ್ರ್ಯಾಗ್ ಎಂದರೆ ಹಿಂದೆ ಬೀಳುವುದು.

ಮೊದಲ ತೊಡಕು ‘ಟೆಂಪೊ’. ಹಾಗೇ ಬಿಟ್ಟರೆ ‘ಇದು ನನ್ನ ಟೆಂಪೊ ಅಲ್ಲ’ ಎಂದಾಗ ನಮ್ಮವರ ಕಣ್ಣಿಗೆ ಬರುವುದು ಮನೆ ಸಾಮಾನು ಹೇರಿಕೊಂಡು ಹೋಗುವ ಬಜಾಜ್ ಟೆಂಪೊ. ‘ನಡೆ’ ಚೆಂದದ ಮಾತು, ಆದರೆ ಕರ್ನಾಟಕ ಸಂಗೀತದಲ್ಲಿ ಅದು ತಿಶ್ರ, ಚತುರಶ್ರ ಎಂದು ಒಂದು ಏಟನ್ನು ಎಷ್ಟು ಪಾಲು ಮಾಡುತ್ತೀರಿ ಎಂಬ ಲೆಕ್ಕ, ವೇಗವಲ್ಲ. ಮೃದಂಗದವರು ನೆಚ್ಚುವುದು ‘ಕಾಲಪ್ರಮಾಣ’ ಎಂಬ ಮಾತನ್ನು, ಹಿಂದೂಸ್ತಾನಿಯವರು ‘ಲಯ’ವನ್ನು. ‘ಇದು ನನ್ನ ಲಯ ಅಲ್ಲ’ ಎಂದು ಸದ್ಯಕ್ಕೆ ಹಾಕಿದ್ದೇನೆ. ಇದರಲ್ಲಿ ಅಷ್ಟೇನೂ ಜಗಳವಿಲ್ಲ.

ಜಗಳ ಇರುವುದು ‘ರಶ್’, ‘ಡ್ರ್ಯಾಗ್’ ಎಂಬ ಆ ಜೋಡಿಪದದಲ್ಲಿ. ಚಿಕ್ಕಂದಿನಲ್ಲಿ ನಾನು ಎರಡು ವರ್ಷ ಮೃದಂಗ ಬಡಿದವನು. (ಕಲಿತೆ ಎಂದರೆ ಸುಳ್ಳಾದೀತು.) ಕೈ ಮುಂದೆ ಹೋದಾಗಲೆಲ್ಲ ನಮ್ಮ ಮೇಷ್ಟ್ರು ತಾಳ ಹಾಕುತ್ತಿದ್ದ ಕೈಯನ್ನು ತಮ್ಮ ತೊಡೆಯಿಂದ ಎತ್ತಿ ನನ್ನ ತೊಡೆಯ ಮೇಲೆ ಹಾಕುತ್ತಿದ್ದರು. ‘ಓಡ್ತಿದೆ ಕಣೋ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ’ ಎನ್ನುತ್ತಿದ್ದರು. ಹಿಂದೆ ಬಿದ್ದರೆ ‘ಎಳೀತಿದೆ’. ಆದ್ದರಿಂದ ‘ಓಡ್ತಿದ್ದೀಯೋ, ಎಳೀತಿದ್ದೀಯೋ’ ಎಂದು ಬರೆದು, ಮನೆಯವರಿಗೆ ತೋರಿಸಿದೆ. ಮಗಳು ಕಿಸಕ್ಕನೆ ನಕ್ಕಳು. ‘ಯಾಕೆ ರಾಗ ಎಳೀತಿದ್ದೀಯ’ ಎಂಬ ಬೈಗುಳ ಅವಳ ಕಿವಿಯಲ್ಲಿ ಕೂತಿದೆ. ಕಪಾಳಕ್ಕೆ ಬೀಳುತ್ತಿರುವಾಗ ನೋಡುವವರು ನಗಬಾರದಲ್ಲ!

ಗಡಿಯಾರದ ಮಾತು ಆದೀತೇ ಎಂದೂ ಯೋಚಿಸಿದೆ: ‘ಮುಂದೋ, ಹಿಂದೋ?’ ಚುರುಕಾಗಿದೆ, ಏಟಿನ ಜೊತೆಗೂ ಕೂರುತ್ತದೆ. ಆದರೆ ಕಸುಬಿನ ವಾಸನೆ ಇಲ್ಲ. ನಿರ್ದೇಶಕ ಡೇಮಿಯನ್ ಶಾಜೆಲ್ ಸ್ವತಃ ಹೈಸ್ಕೂಲಿನ ಜಾಜ್ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸಿದವನು, ಅಲ್ಲಿನ ಮಾತುಗಳು ತಾಲೀಮಿನ ಕೋಣೆಯವೇ. ‘ಅತೀತ, ಅನಾಗತ’ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಅವು ಬೇಕೆಂದೇ ಸಮ (ತಾಳದ ಮೊದಲ ಏಟು) ಬಿಟ್ಟು ಎತ್ತಿಕೊಳ್ಳುವ ಜಾಗಗಳು, ತಪ್ಪುಗಳಲ್ಲ. ಒಪ್ಪಲಿಲ್ಲ.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಇದೆ. ನಮ್ಮ ಮೇಷ್ಟ್ರು ಬೈದದ್ದು ‘ಓಡ್ತಿದೆ’ ಎಂದು, ‘ಓಡ್ತಿದ್ದೀಯ’ ಎಂದಲ್ಲ. ಓಡುವುದು ಕಾಲ, ನಾನಲ್ಲ. ತಪ್ಪು ನನ್ನದೇ ಆದರೂ ವಾಕ್ಯ ನನ್ನನ್ನು ಒಂದು ಪಕ್ಕಕ್ಕೆ ನಿಲ್ಲಿಸುತ್ತಿತ್ತು. ಫ್ಲೆಚರ್ ಮಾಡುವುದು ಇದರ ತಿರುವುಮುರುವು. ಕ್ರಿಯೆಯಿಂದ ಶುರುಮಾಡಿ ಕೊನೆಗೆ ಆಳಿನ ಮೇಲೇ ಬರುತ್ತಾನೆ: ನೀನು ರಶ್ ಮಾಡುವ ಜಾತಿಯೋ, ಡ್ರ್ಯಾಗ್ ಮಾಡುವ ಜಾತಿಯೋ? ಅಲ್ಲಿಗೆ ಅದು ಸಂಗೀತದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಹುಡುಗ ಅಳುತ್ತಾನೆ. ಹಾಗಾಗಿ ‘ಕಾಲ ಓಡ್ತಿದೆಯೋ’ ಎಂದು ಕನ್ನಡದ ಜಾಯಮಾನಕ್ಕೆ ಒಗ್ಗಿಸಿದರೆ ಆ ಕ್ರೌರ್ಯವೇ ಸೋರಿಹೋಗುತ್ತದೆ.

ಮೊದಲನೆಯದಕ್ಕೆ ‘ಆತುರಗಾರ’ ಸಿಕ್ಕಿದ್ದಾನೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದು ಗಾದೆಯೇ ಇರುವುದರಿಂದ ಬೈಗುಳದ ಮೊನೆಯೂ ಇದೆ. ಎರಡನೆಯವನಿಗೆ? ‘ನಿಧಾನಸ್ಥ’ ಎಂದರೆ ಹೊಗಳಿದಂತೆ, ‘ಸೋಮಾರಿ’ ಎಂದರೆ ಅನ್ಯಾಯ, ಪಾಪ ಅವನು ರಕ್ತ ಬರುವ ತನಕ ಬಾರಿಸುತ್ತಾನೆ. ‘ಅಳುಬುರುಕ’ದ ಮಾದರಿಯಲ್ಲಿ ‘ಎಳೆಬುರುಕ’ ಎಂದು ಕಟ್ಟಿನೋಡಿದೆ. ನನಗೇ ನಂಬಿಕೆ ಬರಲಿಲ್ಲ.

ಯಕ್ಷಗಾನದಲ್ಲಿ ಮದ್ದಳೆ ಹಿಂದೆ ಬಿದ್ದಾಗ ಭಾಗವತರು ಏನೆಂದು ಗದರುತ್ತಾರೆ? ಧಾರವಾಡದ ಕಡೆ ತಬಲಾ ಕಲಿಸುವವರ ಬಾಯಲ್ಲಿ ಯಾವ ಮಾತಿದೆ? ಪುಸ್ತಕದ ಪದ ಬೇಡ, ಬೈಸಿಕೊಂಡ ಪದವೇ ಬೇಕು.