ಮಸಾಲೆ ವೈನ್: ಕುದಿಸದಿದ್ದರೆ ಮಸಾಲೆ ಬಿಡುವುದು ಹೇಗೆ?

ಪ್ರಶ್ನೆ

ಚಳಿಗೆ ಮನೆಯಲ್ಲೇ ಬಿಸಿ ಮಸಾಲೆ ವೈನ್ ಮಾಡಬೇಕೆಂದಿದ್ದೇನೆ. 78 ಡಿಗ್ರಿ ದಾಟಿದರೆ ಮದ್ಯಸಾರವೆಲ್ಲ ಹಾರಿಹೋಗುತ್ತದೆ, ಕುದಿಸಲೇಬೇಡಿ ಎಂದು ಎಲ್ಲರೂ ಹೆದರಿಸುತ್ತಾರೆ. ಆದರೆ ಗಟ್ಟಿ ಚಕ್ಕೆ, ಲವಂಗ ಕುದಿಯದೆ ಸತ್ವ ಬಿಡುವುದಾದರೂ ಹೇಗೆ? ಪುಡಿ ಮಾಡಿ ಹಾಕಲೇ? 750 ಮಿಲಿ ಬಾಟಲಿಗೆ ಅಳತೆಯನ್ನೂ ತಿಳಿಸಿ.

ಉತ್ತರ 1

ಪುಡಿಯ ಯೋಚನೆ ಬಿಡಿ. ಎಷ್ಟು ಸೋಸಿದರೂ ಲೋಟದ ತಳದಲ್ಲಿ ಗಸಿ ಕೂರುತ್ತದೆ, ಕೊನೆಯ ಗುಟುಕು ಮರಳು ಮರಳು. ಕುದಿಯಬೇಕಾದದ್ದು ಮಸಾಲೆ, ವೈನ್ ಅಲ್ಲ. ಆದ್ದರಿಂದ ಮೊದಲು ಪಾಕ ಮಾಡಿಕೊಳ್ಳಿ: ಅರ್ಧ ಕಪ್ ನೀರು, 4 ಚಮಚ ಸಕ್ಕರೆ, ಬೆರಳುದ್ದದ ಚಕ್ಕೆ, 4 ಲವಂಗ, ಒಂದು ಚಕ್ರಮೊಗ್ಗು, ಕಿತ್ತಳೆ ಸಿಪ್ಪೆಯ ಎರಡು ಪಟ್ಟಿ. ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಯಲಿ. ನೀರು ಕಂದುಬಣ್ಣಕ್ಕೆ ತಿರುಗಿ, ಗುಳ್ಳೆಗಳು ದಪ್ಪವಾಗಿ ನಿಧಾನಕ್ಕೆ ಒಡೆಯತೊಡಗಿದಾಗ ಉರಿ ತಗ್ಗಿಸಿ ವೈನ್ ಸುರಿಯಿರಿ. ಆಮೇಲೆ ಒಲೆಯ ಮುಂದಿನಿಂದ ಕದಲಬೇಡಿ. ಆವಿ ಏಳಬೇಕು, ಅಂಚಿನಲ್ಲಿ ಗುಳ್ಳೆ ಕಾಣಬಾರದು. ಥರ್ಮಾಮೀಟರ್ ಇದ್ದರೆ 70 ಡಿಗ್ರಿ ಸೆಲ್ಸಿಯಸ್ ಸಾಕು. ಕಾಲು ಗಂಟೆಯ ನಂತರ ಸೋಸಿ.

ಲವಂಗದ ವಿಷಯದಲ್ಲಿ ನಾನು ಜಿಪುಣ. ಅದರಲ್ಲಿರುವ ಯೂಜಿನಾಲ್‌ನಿಂದ ನಾಲಿಗೆ ಜೋಮು ಹಿಡಿಯುತ್ತದೆ. ಹತ್ತು ಹನ್ನೆರಡು ಹಾಕಿದರೆ ನೀವು ಕುಡಿಯುವುದು ಹಲ್ಲುನೋವಿನ ಔಷಧ. ಕಿತ್ತಳೆಯದೂ ಹಾಗೆಯೇ, ಬಣ್ಣದ ಪದರವನ್ನಷ್ಟೇ ಹೆರೆಯಿರಿ, ಒಳಗಿನ ಬಿಳಿ ಭಾಗ ಬರೀ ಕಹಿ. ಪಾತ್ರೆ ಸ್ಟೀಲಿನದಿರಲಿ. ವೈನ್ ಹುಳಿ ಪದಾರ್ಥ, ಅಲ್ಯೂಮಿನಿಯಂಗೆ ಅದು ಆಗದು.

ದುಬಾರಿ ಬಾಟಲಿ ಹಾಳು ಮಾಡಬೇಡಿ. ಮೆರ್ಲೋ, ಗ್ರೆನಾಶ್‌ನಂತಹ ಕೆಂಪು ದ್ರಾಕ್ಷಿ ತಳಿಗಳ, ಹಣ್ಣಿನ ಸ್ವಾದದ ವೈನ್ ಒಳ್ಳೆಯದು. ಓಕ್ ಪೀಪಾಯಿಯಲ್ಲಿ ಬಹುಕಾಲ ಇಟ್ಟ ಒಗರು ವೈನ್ ಮಸಾಲೆಯೊಡನೆ ಜಗಳಕ್ಕೆ ನಿಲ್ಲುತ್ತದೆ.

ಉತ್ತರ 2

ಆ 78 ಡಿಗ್ರಿ ಶುದ್ಧ ಮದ್ಯಸಾರದ, ಅಂದರೆ ಎಥನಾಲ್‌ನ, ಕುದಿಬಿಂದು. ವೈನ್‌ನಲ್ಲಿ ಹೆಚ್ಚಿರುವುದು ನೀರು. ಹಾಗಾಗಿ ವೈನ್ ಕುದಿಯಲು 90 ಡಿಗ್ರಿ ದಾಟಬೇಕು. ಮದ್ಯಸಾರ ಯಾವುದೋ ಒಂದು ಕ್ಷಣದಲ್ಲಿ ಮಾಯವಾಗುವುದಿಲ್ಲ, ಬಿಸಿ ಏರಿದಂತೆ ಸ್ವಲ್ಪ ಸ್ವಲ್ಪವೇ ಹೋಗುತ್ತಿರುತ್ತದೆ. ಮುಚ್ಚಳ ಮುಚ್ಚಿದರೆ ನಷ್ಟ ಕಡಿಮೆ. ಕುದಿಸಬಾರದು ಎನ್ನುವುದೇನೋ ಸರಿ, ಆದರೆ ನನ್ನ ಪ್ರಕಾರ ಮುಖ್ಯ ಕಾರಣ ಹಣ್ಣಿನ ಘಮ ಕೆಡುವುದು.

ಉತ್ತರ 3

ಪಾಕಕ್ಕೆ ನೀರೇಕೆ? ಅದೇ ಬಾಟಲಿಯಿಂದ ಅರ್ಧ ಕಪ್ ವೈನ್ ಬಲಿಕೊಡಿ, ರುಚಿ ತೆಳುವಾಗುವುದಿಲ್ಲ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಗ್ಲೂವೈನ್ (ಜರ್ಮನ್ನರ ಮಸಾಲೆ ವೈನ್) ಎಂದು ಮಾರುವ ಪಾನೀಯದಲ್ಲಿ ಕನಿಷ್ಠ ಶೇ 7ರಷ್ಟು ಮದ್ಯಸಾರ ಇರಬೇಕು, ಸಿಹಿ ಮಾಡಲು ಬಳಸಿದ್ದನ್ನು ಬಿಟ್ಟು ಬೇರೆ ನೀರು ಬೆರೆಸುವಂತಿಲ್ಲ. ಸ್ವೀಡನ್ನಿನ ಮಸಾಲೆ ವೈನ್ ಗ್ಲೋಗ್‌ನ ರುಚಿ ಬೇಕಿದ್ದರೆ ಏಲಕ್ಕಿ ಜಜ್ಜಿ ಹಾಕಿ, ಲೋಟಕ್ಕೆ ಒಣದ್ರಾಕ್ಷಿ, ಬಾದಾಮಿ ಉದುರಿಸಿ.

ಪ್ರಶ್ನೆ ಕೇಳಿದವರು

ಹಾಗಾದರೆ ನೀರಿಲ್ಲದ ಪಾಕವನ್ನೇ ಮಾಡುತ್ತೇನೆ. ಉಳಿದದ್ದನ್ನು ಮರುದಿನ ಬಿಸಿ ಮಾಡಬಹುದೇ?

ಉತ್ತರ 1

ಮಾಡಬಹುದು. ಮಸಾಲೆಯನ್ನೆಲ್ಲ ಸೋಸಿ ತೆಗೆದು, ಆರಿದ ಮೇಲೆ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಲವಂಗವನ್ನು ಅದರಲ್ಲೇ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಬೇರೆ ಯಾವ ರುಚಿಯೂ ಸಿಗುವುದಿಲ್ಲ. ಪಾಕಕ್ಕೆ ನೀರೋ ವೈನೋ ಎಂಬ ತಕರಾರಿನಲ್ಲಿ ನಾನಿಲ್ಲ.