4 ತಿಂಗಳ ಖಾಲಿ ಪುಟಗಳನ್ನು ಈಗ ತುಂಬಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮೂವರು ಡಾಕ್ಟರುಗಳಿರುವ ಕ್ಲಿನಿಕ್. ರಿಸೆಪ್ಷನ್ ಕೆಲಸದ ಜೊತೆ ಫೈರ್ ಸೇಫ್ಟಿ ರಿಜಿಸ್ಟರ್ ಕೂಡ ಈಗ ನನ್ನ ತಲೆಗೇ ಬಿದ್ದಿದೆ. ಹಿಂದೆ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟ ಮೇಲೆ 4 ತಿಂಗಳು ಯಾರೂ ಏನೂ ಬರೆದಿಲ್ಲ. ಮುಂದಿನ ವಾರ ತಪಾಸಣೆ ಇದೆ. ಬೆಂಕಿ ಆರಿಸುವ ಸಿಲಿಂಡರುಗಳೆಲ್ಲ ನೋಡೋಕೆ ಚೆನ್ನಾಗೇ ಇವೆ. ಆ 4 ತಿಂಗಳಿಗೂ ‘ಸರಿ ಇದೆ’ ಅಂತ ಬರೆದುಬಿಡಲಾ?

ಉತ್ತರ: ಬೇಡ ಮೇಡಂ. ಪುಟ ಯಾಕೆ ಖಾಲಿ ಇದೆ ಅಂತ ಕೇಳಿದರೆ ಕಾರಣ ಹೇಳಬಹುದು. ನೋಡದೇ ಸಹಿ ಹಾಕಿದ್ದು ಯಾಕೆ ಅಂದರೆ ಏನು ಹೇಳುತ್ತೀರಿ?

ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಒಂದು ಕಡೆ ರಿಜಿಸ್ಟರ್ ತೆರೆದು ನೋಡಿದೆ. 12 ತಿಂಗಳ ಟಿಕ್‌ಗಳೂ ಒಂದೇ ಪೆನ್ನಿನವು, ಒಂದೇ ಓರೆ. ಎರಡು ತಾರೀಕು ಭಾನುವಾರ. ಅವತ್ತು ಅಲ್ಲಿ ಬಾಗಿಲೇ ತೆಗೆಯುವುದಿಲ್ಲ. ನಗು ಬಂದಿದ್ದು ಮುಂದಿನ ಸಾಲು ನೋಡಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಎದುರು ತಿಂಗಳು ತಿಂಗಳೂ ‘ಗೇಜಿನ ಮುಳ್ಳು ಹಸಿರಿನಲ್ಲಿದೆ’ ಅಂತ ಬರೆದಿದ್ದಾರೆ. ಆ ಸಿಲಿಂಡರಿಗೆ ಒತ್ತಡ ತೋರಿಸುವ ಗೇಜೇ ಇರಲಿಲ್ಲ! ಅದರೊಳಗೆ ಗ್ಯಾಸು ಒತ್ತಡಕ್ಕೆ ದ್ರವವಾಗಿ ಕೂತಿರುತ್ತದೆ. ದ್ರವ ಉಳಿದಿರುವ ತನಕ ಒತ್ತಡ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಹಾಗಾಗಿ ಗೇಜ್ ಇದ್ದರೂ ಪ್ರಯೋಜನವಿಲ್ಲ. ತೂಕವನ್ನೇ ಹಾಕಬೇಕು. ಒಳಗಿನ ಗ್ಯಾಸು 10% ಇಳಿದಿದ್ದರೆ ರೀಫಿಲ್‌ಗೆ ಕಳಿಸುವುದು ರೂಢಿ. ಮುಳ್ಳು ಇರುವುದು ಸಾಮಾನ್ಯವಾಗಿ ಪೌಡರ್ ಸಿಲಿಂಡರಿನಂಥವಕ್ಕೆ.

ನೀವು ಖಾಲಿ ಪುಟಕ್ಕೆ ಅಡ್ಡಗೆರೆ ಎಳೆಯಿರಿ. ಎಲ್ಲಿಂದ ಎಲ್ಲಿಯವರೆಗೆ ತಪಾಸಣೆ ಆಗಿಲ್ಲ, ಯಾಕೆ ಅಂತ ಎರಡು ಸಾಲು ಬರೆದು ಇವತ್ತಿನ ತಾರೀಕು ಹಾಕಿ ಸಹಿ ಮಾಡಿ. ಆಮೇಲೆ ಇವತ್ತೇ ಒಂದು ಸುತ್ತು ಹೊಡೆಯಿರಿ.

ಪ್ರಶ್ನೆ: ಸುತ್ತು ಹೊಡೆದೆ ಸರ್. ಲ್ಯಾಬ್ ಮುಂದಿನ ಎಮರ್ಜೆನ್ಸಿ ಲೈಟ್ ಹತ್ತಲಿಲ್ಲ. ಹಿಂಬಾಗಿಲಿಗೆ ಅಡ್ಡವಾಗಿ ಹಳೇ ಟೇಬಲ್ ಇಟ್ಟಿದ್ದಾರೆ. ಇದನ್ನೆಲ್ಲ ಬರೆದರೆ ನಾವೇ ಸಿಕ್ಕಿಹಾಕಿಕೊಂಡ ಹಾಗಲ್ವಾ?

ಉತ್ತರ: ಟೇಬಲ್ ಮೊದಲು ಎತ್ತಿಸಿ, ಆಮೇಲೆ ಬರೆಯಿರಿ. ಲೈಟ್ ಕೆಟ್ಟಿದ್ದು, ಯಾರಿಗೆ ಹೇಳಿದಿರಿ, ಯಾವತ್ತು ರಿಪೇರಿಯಾಯಿತು, ಬಿಲ್ ನಂಬರ್ – ಎಲ್ಲ ಒಂದೇ ಸಾಲಿನಲ್ಲಿ ಸಿಗಬೇಕು. ನನಗಂತೂ ವರ್ಷವಿಡೀ ‘ಸರಿ, ಸರಿ, ಸರಿ’ ಅಂತಿರುವ ಪುಸ್ತಕ ಕಂಡರೇ ಅನುಮಾನ. ಲೈಟು, ಬ್ಯಾಟರಿ ಯಾವತ್ತಾದರೂ ಕೆಡಲೇಬೇಕಲ್ಲ.

ಲೈಟಿನ ವಿಷಯದಲ್ಲಿ ಇನ್ನೊಂದು. ತಿಂಗಳಿಗೊಮ್ಮೆ ಬಟನ್ ಒತ್ತಿ ನೋಡಿದರೆ ಬಲ್ಬು ಹತ್ತುವುದು ಮಾತ್ರ ಗೊತ್ತಾಗುತ್ತದೆ. ಹಳೇ ಬ್ಯಾಟರಿ 5 ನಿಮಿಷ ಹತ್ತಿ ಆರಿಹೋಗಬಹುದು. ಹಾಗಾಗಿ ವರ್ಷಕ್ಕೊಮ್ಮೆ, ಅದು ಎಷ್ಟು ಹೊತ್ತು ಉರಿಯಬೇಕೋ ಅಷ್ಟು ಪೂರ್ತಿ ಹೊತ್ತು ಉರಿಸಿ, ಎಷ್ಟು ನಿಮಿಷ ನಿಂತಿತು ಅಂತ ಬರೆಯಿರಿ. ರಜೆಯ ಹಿಂದಿನ ಸಂಜೆ ಮಾಡಿ. ಮತ್ತೆ ಚಾರ್ಜ್ ಆಗಲು ಸಮಯ ಬೇಕು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಾನು ನರ್ಸ್. ಆಕ್ಸಿಜನ್ ಸಿಲಿಂಡರ್ ಕೂಡ ಇದೇ ರಿಜಿಸ್ಟರಿಗೆ ಬರುತ್ತಾ?

ಉತ್ತರ: ಬರಲಿ ಸಿಸ್ಟರ್. ಎಷ್ಟಿವೆ, ಯಾವ ರೂಮಿನಲ್ಲಿವೆ ಅಂತ ಇರಬೇಕು. ಬೆಂಕಿ ಬಿದ್ದ ದಿನ ಒಳಗೆ ನುಗ್ಗುವವರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಆಕ್ಸಿಜನ್ ತಾನು ಉರಿಯುವುದಿಲ್ಲ, ಸುತ್ತಲಿನದನ್ನು ಜೋರಾಗಿ ಉರಿಸುತ್ತದೆ. ವಾಲ್ವ್‌ಗೆ ಎಣ್ಣೆ, ಗ್ರೀಸ್ ಸೋಕಿಲ್ಲ, ಪಕ್ಕದಲ್ಲಿ ಸ್ಪಿರಿಟ್, ಹ್ಯಾಂಡ್ ರಬ್ ಡಬ್ಬಗಳ ರಾಶಿ ಇಲ್ಲ ಅಂತ ನೋಡಿ ಗುರುತು ಹಾಕಿ. ಬೆಂಕಿ ಬಿದ್ದರೆ ಹೊರಗೆ ಬರುವ ಅಭ್ಯಾಸ, ಅಂದರೆ ಡ್ರಿಲ್ ಮಾಡಿದಾಗಲೂ ಸುಮ್ನೆ ‘ಡ್ರಿಲ್ ಆಯಿತು’ ಅಂತ ಬರೆಯಬೇಡಿ. ಎಷ್ಟು ಜನ, ಎಷ್ಟು ನಿಮಿಷ, ವೀಲ್‌ಚೇರಿನಲ್ಲಿದ್ದವರನ್ನು ಯಾರು ಕರೆತಂದರು ಅಂತ ಬರೆಯಿರಿ.

ಮೊದಲ ಪ್ರಶ್ನೆ ಕೇಳಿದವರು: ಸರ್, ಟೇಬಲ್ ಎತ್ತಿಸಿದೆ. ಅದರ ಹಿಂದೆ ಇನ್ನೊಂದು ಪೌಡರ್ ಸಿಲಿಂಡರ್ ಸಿಕ್ಕಿತು! ರಿಜಿಸ್ಟರಿನಲ್ಲಿ ಅದರ ಹೆಸರೇ ಇಲ್ಲ. ಚೀಟಿ ಮಾಸಿಹೋಗಿದೆ.

ಉತ್ತರ: ಅದನ್ನು ಈಗಲೇ ಗೋಡೆಗೆ ನೇತುಹಾಕಬೇಡಿ, ಒಳಗಿನ ಪೌಡರ್ ಗಟ್ಟಿಯಾಗಿರಬಹುದು. ‘ಬಳಸಬೇಡಿ’ ಅಂತ ಚೀಟಿ ಅಂಟಿಸಿ ಸರ್ವೀಸಿನವರಿಗೆ ಕೊಡಿ. ವಾಪಸ್ ಬಂದ ಮೇಲೆ ಅದಕ್ಕೊಂದು ನಂಬರ್ ಬರೆಯಿರಿ, ಅದೇ ನಂಬರ್ ಪುಸ್ತಕದಲ್ಲೂ ಇರಲಿ. ಉಳಿದ ಸಿಲಿಂಡರುಗಳಿಗೆ ನಂಬರ್ ಇದೆ ತಾನೆ?

ಮೊದಲ ಪ್ರಶ್ನೆ ಕೇಳಿದವರು: ಇಲ್ಲ ಸರ್. ಮಾರ್ಕರ್ ತರೋಕೆ ಕಳಿಸಿದ್ದೇನೆ.