ಸೊನ್ನೆ ಬಿದ್ದುಹೋದ ಟಿಕೆಟ್

"ಬಂತು, ಬಂತು!" ಪ್ರಸಾದನ ಕೈಯ ಗೋಳಿಬಜೆ ಚಟ್ನಿಗೆ ಬಿತ್ತು. ಅದನ್ನು ಅಲ್ಲೇ ಬಿಟ್ಟು ಫೋನು ಹಿಡಿದ.

"ಎಂತ ಬಂತು? ಮಳೆಯಾ? ಅದು ಬೆಳಿಗ್ಗೆಯಿಂದ ಉಂಟಲ್ಲ," ಅಂದರು ಶೆಣೈ ಮಾಮ್.

"ಮಿಸ್ಟೇಕ್ ಫೇರ್ ಮಾಮ್! ವಿಮಾನದವರು ರೇಟು ತಪ್ಪು ಹಾಕ್ತಾರೆ, ಅವರಿಗೆ ಗೊತ್ತಾಗುವ ಮೊದಲು ನಾವು ಬುಕ್ ಮಾಡ್ಬೇಕು. 2006ರಲ್ಲಿ ಅಲಿಟಾಲಿಯಾದವರು ಟೊರಾಂಟೊದಿಂದ ಸೈಪ್ರಸ್‌ಗೆ ಬಿಸಿನೆಸ್ ಕ್ಲಾಸಿಗೆ 3,900 ಡಾಲರ್ ಅಂತ ಹಾಕುವಲ್ಲಿ 39 ಹಾಕಿದ್ರು. ತಗೊಂಡವರಿಗೆ ಕೊಟ್ರು ಸಹ!"

"ಎರಡು ಸೊನ್ನೆ!" ಮಾಮ್ ಎದೆ ಮುಟ್ಟಿಕೊಂಡರು. ರಥಬೀದಿಯಲ್ಲಿ ನಲವತ್ತು ವರ್ಷ ಅಂಗಡಿ ಇಟ್ಟವರಿಗೆ ಅದು ಸಾವಿನ ಸುದ್ದಿ. "ಹಾಕಿದವ ಈಗ ಎಲ್ಲಿದ್ದಾನೆ?"

"ಅವನನ್ನೂ 39 ಡಾಲರಿಗೇ ಸೈಪ್ರಸ್‌ಗೆ ಸಾಗಹಾಕಿರಬೇಕು," ಅಂದ ರಾಘಣ್ಣ.

"ತಮಾಷೆ ಅಲ್ಲ ರಾಘಣ್ಣ. 2019ರ ಜನವರಿ ಒಂದಕ್ಕೆ ಕ್ಯಾಥೆ ಪೆಸಿಫಿಕ್‌ನವರದ್ದು ಗೊತ್ತುಂಟಾ? ವಿಯೆಟ್ನಾಮಿನ ಡಾ ನಾಂಗ್‌ನಿಂದ ನ್ಯೂಯಾರ್ಕಿಗೆ ಹೋಗಿಬರ್ಲಿಕ್ಕೆ 675 ಡಾಲರ್. ಕಾಲು ಚಾಚಿ ಮಲಗುವ ಸೀಟು! ಇಲ್ಲದಿದ್ರೆ 16,000ದ ಹತ್ತಿರ."

"ಒಳ್ಳೇದು. ಉಡುಪಿಯಿಂದ ಡಾ ನಾಂಗಿಗೆ ಬಸ್ಸು ಎಷ್ಟು ಗಂಟೆಗೆ? ಎಕ್ಸ್‌ಪ್ರೆಸ್ಸಾ, ಸರ್ವಿಸ್ಸಾ?"

ಪ್ರಸಾದನಿಗೆ ಕೇಳಿಸಲಿಲ್ಲ. "2024ರಲ್ಲಿ ಕ್ವಾಂಟಾಸ್‌ನವರು ಅಮೆರಿಕದ ಫಸ್ಟ್ ಕ್ಲಾಸನ್ನು ಎಂಟು ಗಂಟೆ ಹೊತ್ತು ಚಿಲ್ಲರೆಗೆ ಮಾರಿದ್ರು. ಸುಮಾರು 300 ಜನ ತಗೊಂಡಿದ್ರು. ಕೊನೆಗೆ ಬಿಸಿನೆಸ್ ಕ್ಲಾಸಾದ್ರೂ ಕೊಟ್ರು."

"ಮಸಾಲೆ ಕೇಳಿದವನಿಗೆ ಸಾದಾ. ಅದಿರಲಿ, ಕಳೆದ ವರ್ಷ ನಿನ್ನದ್ದು ಎಂತಾಯ್ತು, ಮಾಮ್‌ಗೆ ಹೇಳು."

ಪ್ರಸಾದ ಚಟ್ನಿಯಲ್ಲಿ ಗೋಳಿಬಜೆ ಹುಡುಕತೊಡಗಿದ. ಆದದ್ದಿಷ್ಟು: ಮಧ್ಯರಾತ್ರಿ ಯುರೋಪಿಗೆ ಟಿಕೆಟ್ ಬಿತ್ತು. ಬೆಳಿಗ್ಗೆ ಉಣ್ಣೆ ಕೋಟು ಬಂತು, ದೊಡ್ಡ ಸೂಟ್‌ಕೇಸು ಬಂತು, ವೀಸಾಕ್ಕೆ ದುಡ್ಡು ಕಟ್ಟಿಯಾಯ್ತು. ವಾರ ಬಿಟ್ಟು ಕಂಪೆನಿಯ ಮೇಲ್ ಬಂತು. ತಪ್ಪಾಯ್ತು, ಕ್ಷಮಿಸಿ, ಟಿಕೆಟ್ ರದ್ದು.

"ಟಿಕೆಟಿನ ಹಣ ಬಂತು ಮಾಮ್. ಅಮೆರಿಕದಲ್ಲಾದ್ರೆ 2015ರಿಂದ ರೂಲೇ ಉಂಟು, ರದ್ದು ಮಾಡಿದ್ರೆ ಆ ಟಿಕೆಟ್ ನಂಬಿ ಮಾಡಿದ ಖರ್ಚೂ ಕೊಡ್ಬೇಕು."

"ಉಡುಪಿಯ ಸೆಕೆಗೆ ತಗೊಂಡ ಉಣ್ಣೆ ಕೋಟಿಗೂ?" ಅಂದ ರಾಘಣ್ಣ. "ಸೂಟ್‌ಕೇಸು ಎಂತ ಮಾಡಿದಿ?"

"ಅಮ್ಮ ಹಲಸಿನ ಹಪ್ಪಳ ತುಂಬಿಸಿಟ್ಟಿದ್ದಾರೆ. ಈ ಮಳೆಗೂ ಒಂದು ಹಪ್ಪಳ ಮೆತ್ತಗಾಗ್ಲಿಲ್ಲ. ಮಕ್ಕಳು ಕದಿಯದ ಹಾಗೆ ನಂಬರ್ ಲಾಕ್ ಬೇರೆ."

"ನಂಬರು?"

"ಮೂರು ಸೊನ್ನೆ."

"ಸಿಕ್ಕಿತಲ್ಲ ಮಾರಾಯ! ಕಂಪೆನಿಯವರು ಕಳಕೊಂಡ ಸೊನ್ನೆಯೆಲ್ಲ ನಿನ್ನ ಅಟ್ಟದಲ್ಲೇ ಉಂಟು."

ಮಾಮ್ ನಕ್ಕು ಕಣ್ಣೊರೆಸಿಕೊಂಡರು. ವ್ಯಾಪಾರಿಯ ತಲೆ, ಲೆಕ್ಕ ಬಿಡಲಿಲ್ಲ. "ಅಲ್ಲ, ಸೊನ್ನೆ ಕಡಿಮೆ ಬಿದ್ರೆ ತಪ್ಪು ಅಂತ ವಾಪಸ್ ತಗೊಳ್ತಾರೆ. ಹೆಚ್ಚು ಬಿದ್ರೆ?"

"ಹೆಚ್ಚು ಬಿದ್ರೆ ಅದಕ್ಕೆ ಡಿಮಾಂಡು ಅಂತ ಹೆಸರು." ರಾಘಣ್ಣ ಚಾದ ಗ್ಲಾಸನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸಿದ. "ನಾನು ದುಬೈಯಲ್ಲಿದ್ದಾಗ ಅಮ್ಮ ಹೋದದ್ದು ಜೂನ್ ಕೊನೆಗೆ. ಅಲ್ಲಿ ಶಾಲೆಗಳಿಗೆ ರಜೆ ಶುರು, ಎಲ್ಲರೂ ಊರಿಗೆ ಹೊರಡುವವರೇ. ಮಂಗಳೂರಿಗೆ ಟಿಕೆಟ್ ಕೇಳಿದ್ರೆ ನನ್ನ ಎರಡು ತಿಂಗಳ ಸಂಬಳ. ‘ಒಂದು ಸೊನ್ನೆ ಹೆಚ್ಚು ಬಿದ್ದಿದೆಯಾ, ಸರಿ ನೋಡಿ ಮಾರ್ರೆ’ ಅಂದೆ. ಏಜೆಂಟ್ ಪಾಪ, ಸ್ಕ್ರೀನನ್ನೇ ನನ್ನ ಕಡೆ ತಿರುಗಿಸಿದ. ಸರಿಯೇ ಇತ್ತು."

"ಮತ್ತೆ?"

"ರೇಟು ಇಳಿದ ಮೇಲೆ ಬಂದೆ. ಬೊಜ್ಜಕ್ಕೆ, ಉತ್ತರಕ್ರಿಯೆಗೆ, ಮುಟ್ಟಿದೆ."

ಸ್ವಲ್ಪ ಹೊತ್ತು ಹಂಚಿನ ಮೇಲಿನ ಮಳೆಯದ್ದೇ ಮಾತು. ಪ್ರಸಾದನ ಫೋನು ಮತ್ತೊಮ್ಮೆ ಕುಂಯ್ ಅಂದಿತು. ಅವನು ಅದನ್ನು ಬೋರಲು ಹಾಕಿದ.

ಮಾಣಿ ಬಿಲ್ಲು ತಂದಿಟ್ಟ. ಪ್ರಸಾದ ಎತ್ತಿ ನೋಡಿದವನೇ ಕೂಗಿದ. "ಏಯ್, ಎರಡು ಪ್ಲೇಟು ಬಂದದ್ದು, ಮೂರು ಅಂತ ಬರ್ದಿದ್ದೀಯಲ್ಲ!"

ಇಷ್ಟು ಹೊತ್ತು ಪಕ್ಕದ ಮೇಜು ಒರೆಸುತ್ತಲೇ ಇದ್ದ ಮಾಣಿ ತಲೆ ಕೆರೆದುಕೊಂಡ.

"ಮಳೆ ಅಲ್ವಾ ಅಣ್ಣ. ಡಿಮಾಂಡು."